ಹದಿನೇಳನೇ ಪ್ರಶ್ನೆ

ಜೂನ್ 3, ಬೆಳಿಗ್ಗೆ 11

ಮತ್ತೆ ಟೈಪಿಂಗ್. ದೊಡ್ಡಮ್ಮನ ಅಕ್ಷರ ಇರುವೆ ಸಾಲು. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಅದನ್ನೆಲ್ಲ ಈಗ ಪುಸ್ತಕ ಮಾಡಿದ್ದಾರೆ. ಕಣ್ಣಿನ ಆಪರೇಷನ್ ಆಗಿದೆ, ಓದುವ ಹಾಗಿಲ್ಲ. ಹತ್ತನೇ ಕ್ಲಾಸು ಅರ್ಧಕ್ಕೆ ಬಿಟ್ಟ ನನ್ನ ಕೈಗೆ ಇನ್ನೂರು ಪುಟ. "ಇದನ್ನಾದ್ರೂ ಪೂರ್ತಿ ಮಾಡೇ" ಅಂದರು.

ತಿದ್ದಲು ಎಡಿಟರ್ ಒಬ್ಬರನ್ನು ಗೊತ್ತು ಮಾಡಿದ್ದೂ ನಾನೇ. ದೊಡ್ಡಮ್ಮ ಅವರಿಗಿಟ್ಟ ಹೆಸರು ಕತ್ತರಿ ಮೇಷ್ಟ್ರು.

ಜೂನ್ 12

ಮೇಷ್ಟ್ರ ಪ್ರಶ್ನೆಗಳು ಬಂದವು. ಪುಟದ ಅಂಚಿನಲ್ಲೆಲ್ಲ. ಒಟ್ಟು ಮೂವತ್ತೆಂಟು. ದೊಡ್ಡಮ್ಮನನ್ನು ಕೇಳಿ ಕೇಳಿ ಉತ್ತರ ಬರೆದೆ. ಹದಿನಾರು ಆಗುವಷ್ಟರಲ್ಲಿ ಅವರಿಗೆ ಜೊಂಪು. ನನಗೋ ಕೂತಲ್ಲಿ ಕೂರಲಾಗದು.

ಹದಿನೇಳನೆಯದು... ಜಗಳವಾಗಿ ಆರು ವರ್ಷ ಮಾತು ಬಿಟ್ಟಿದ್ದ ಅಕ್ಕ, ದೂರದೂರಿನ ಆಸ್ಪತ್ರೆಯಲ್ಲಿರುವ ತಮ್ಮನಿಗೆ ಎಕ್ಸ್‌ಚೇಂಜಿನ ಮೂಲಕ ಟ್ರಂಕ್ ಕಾಲ್ ಮಾಡುತ್ತಾಳೆ. 'ಲೈನ್ ಕೊಟ್ಟೆ' ಎಂದು ಬರೆದು ಮುಗಿಸಿದ್ದಾರೆ ದೊಡ್ಡಮ್ಮ. ಮೇಷ್ಟ್ರ ಪ್ರಶ್ನೆ: ಅಕ್ಕ ಏನೆಂದಳು?

ನಾನೇ ಕಟ್ಟಿ ಬರೆದೆ: "ನೀನು ಮಾತಾಡದಿದ್ರೂ ಪರವಾಗಿಲ್ಲ, ಫೋನ್ ಮಾತ್ರ ಇಡಬೇಡ."

ಉಳಿದವನ್ನು ಸಂಜೆ ಕೇಳಿ ಬರೆದೆ. ಹದಿನೇಳು ಬಿಟ್ಟು.

ಜೂನ್ 21

ಮೇಷ್ಟ್ರ ಫೋನ್. "ಆ ಒಂದು ಸಾಲಿಗೆ ಪುಸ್ತಕವೇ ಎದ್ದು ನಿಲ್ತಮ್ಮ! ಹಿಂದಿನ ರಟ್ಟಿನ ಮೇಲೂ ಅದನ್ನೇ ಹಾಕಿಸ್ತಿದೀನಿ."

ಪರೀಕ್ಷೆಯಲ್ಲಿ ಕಾಪಿ ಹೊಡೆದದ್ದನ್ನು ಯಾರೂ ಕೇಳುವ ಮೊದಲೇ ಒಪ್ಪಿಕೊಂಡವಳು ನಾನು. ಶಾಲೆ ಬಿಟ್ಟದ್ದೇ ಹಾಗೆ. ಈಗ ಏನಾಗಿದೆ ನನಗೆ?

ಜೂನ್ 22, ಸಂಜೆ

ಟೀ ಕುಡಿಯುವಾಗ ಮೆಲ್ಲಗೆ ಕೇಳಿದೆ. "ಎಷ್ಟೆಲ್ಲ ಜನರ ಮಾತು ಕೇಳಿಸ್ಕೊಂಡಿದೀರಲ್ವಾ ದೊಡ್ಡಮ್ಮ?"

ಕಪ್ ಕೆಳಗಿಟ್ಟರು. "ಕೇಳಿಸ್ಕೊಳ್ಳೋದಾ? ಅದೇ ಬೇಕಿದ್ರೆ ಬೀದಿ ನಲ್ಲಿ ಹತ್ರ ನಿಂತ್ಕೋತಿದ್ದೆ. ಲೈನ್ ಕೊಟ್ಟ ಕೂಡ್ಲೇ ನಮ್ಮ ಕೀ ಮುಚ್ಚಬೇಕು, ಅವರ ಮಾತು ನಮಗೆ ಕೇಳಿಸ್ಬಾರ್ದು. ನಮ್ಮಲ್ಲಿ ಒಬ್ಬಳು ಕದ್ದು ಕೇಳಿ ಸಿಕ್ಕಿಬಿದ್ಲು. ಆಮೇಲೆ ಯಾರೂ ಅವಳ ಪಕ್ಕ ಊಟಕ್ಕೆ ಕೂರ್ಲಿಲ್ಲ. ಎರಡನೇ ಅಧ್ಯಾಯದಲ್ಲಿದೆಯಲ್ಲೇ. ನೀನೇ ಅಲ್ವಾ ಟೈಪ್ ಮಾಡಿದ್ದು?"

ಹೌದು. ಬೆರಳು ಓದಿತ್ತು. ನಾನು ಓದಿರಲಿಲ್ಲ.

ನನ್ನ ಒಂದು ಸಾಲು ದೊಡ್ಡಮ್ಮನನ್ನು ಕದ್ದು ಕೇಳಿದವರ ಸಾಲಿಗೆ ಸೇರಿಸಿತು. ಅದೂ ರಟ್ಟಿನ ಮೇಲೆ. ಪುಸ್ತಕ ಬಿಡುಗಡೆಗೆ ಹಳೇ ಜೊತೆಗಾತಿಯರೆಲ್ಲ ಬರುತ್ತಾರೆ.

ಜೂನ್ 23

ಮೇಷ್ಟ್ರಿಗೆ ಫೋನ್ ಮಾಡಿ, ಆ ಸಾಲು ತೆಗೀರಿ ಅಂದೆ.

"ಯಾಕಮ್ಮ? ಇಡೀ ಪುಸ್ತಕದಲ್ಲಿ ಒಂದೇ ಸಲ ನಿಯಮ ಮುರಿದಿದಾರೆ. ಅಲ್ಲೇ ಇರೋದು ಜೀವ. ಲೇಖಕಿ ಹೇಳ್ಲಿ, ತೆಗೀತೀನಿ."

ಬರೆದದ್ದು ನಾನು — ನಾಲಿಗೆ ತುದಿಗೆ ಬಂತು. ನುಂಗಿದೆ.

ಜೂನ್ 29

ಪ್ರೂಫ್ ಬಂತು. ದೊಡ್ಡಮ್ಮನಿಗೆ ಓದಿ ಹೇಳಿದೆ. ಆ ಪುಟದಲ್ಲಿ ಸಾಲು ಹಾರಿಸಿದೆ. ರಟ್ಟಿನ ಪ್ರೂಫ್ ಲಕೋಟೆಯಿಂದ ಹೊರಗೇ ತೆಗೆಯಲಿಲ್ಲ.

"ಎಲ್ಲ ಸರಿಯಾಗಿದೆಯೇನೇ?"

"ಹೂಂ."

ನಾನು ಬೆರಳಿಟ್ಟು ತೋರಿಸಿದಲ್ಲಿ ತಡಕಾಡಿ ಸಹಿ ಹಾಕಿದರು.

ಜುಲೈ 2, ಬೆಳಿಗ್ಗೆ 9

ಪ್ರೂಫ್ ಕಳಿಸಿಲ್ಲ. ಮೂರು ದಿನ ನನ್ನ ಹಾಸಿಗೆ ಕೆಳಗಿತ್ತು. ಇವತ್ತು ದೊಡ್ಡಮ್ಮನ ಎದುರು ಕೂತು ಎಲ್ಲ ಹೇಳಿದೆ. ಸಾಲನ್ನೂ ಓದಿದೆ. ಬೈಗುಳಕ್ಕೆ ತಲೆಯೊಡ್ಡಿ ಕೂತೆ.

"ಇನ್ನೊಂದ್ಸಲ ಓದು."

ಓದಿದೆ.

ಆಮೇಲೆ, ಎಲ್ಲೋ ನೋಡುತ್ತ — "ಅವಳು ಹಾಗನ್ನಲಿಲ್ಲ ಕಣೇ."

ಅಂದವರೇ ಬಾಯಿಗೆ ಅಂಗೈ ಒತ್ತಿಕೊಂಡರು.

10.30

"ತೆಗೆಸ್ಬಿಡು" ಅಂದದ್ದಷ್ಟೆ. ಗೋಡೆ ಕಡೆ ತಿರುಗಿ ಮಲಗಿದ್ದಾರೆ. ಅವತ್ತು ಕೇಳಿಸಿಕೊಂಡು ಇಷ್ಟು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡದ್ದನ್ನು ನಾನು ಕೆದಕಿ ಹೊರಗೆಳೆದೆ. ಸಾಲಾದರೆ ತೆಗೆಸಬಹುದು. ಇದನ್ನು?

ಮೇಷ್ಟ್ರ ಫೋನ್ ಎರಡು ಸಲ ಬಂತು. ಎತ್ತಲಿಲ್ಲ. ಯಾಕೆ ತೆಗೀಬೇಕು ಅಂತ ಕೇಳಿಯೇ ಕೇಳುತ್ತಾರೆ. ಅದು ನಾನು ಕಟ್ಟಿದ್ದು ಅನ್ನುತ್ತೇನೆ. ಅಲ್ಲಿಯವರೆಗೆ ನಿಜ. ಹಾಗಾದ್ರೆ ನಿಮ್ಮ ದೊಡ್ಡಮ್ಮ ಅವತ್ತು ಏನೂ ಕೇಳಿಸ್ಕೊಂಡಿರ್ಲಿಲ್ಲ ತಾನೇ, ಅಂತ ಅವರು ಕೇಳಿದರೆ—