ಒಂದೇ ಮೈದಾನದ ಅತಿಥಿಗಳು

ಹೊಸ ಹಾಸ್ಟೆಲ್, ಮೇಲಿನ ಮಹಡಿ
ಹದಿನೇಳನೇ ತಾರೀಕು, ಭಾನುವಾರ

ಪ್ರೀತಿಯ ಅಮ್ಮ,

ಹೇಗಿದ್ದೀಯ? ಅಂಕಲ್ ಬೆನ್ನುನೋವು ಕಡಿಮೆಯಾಯಿತಾ? ರಜೆ ಮುಗಿಸಿ ಬಂದು ಇಷ್ಟು ದಿನವಾದರೂ ಒಂದು ಸಾಲು ಬರೆದಿಲ್ಲ, ಸಾರಿ. ಫೋನ್ ಮಾಡುತ್ತೇನಲ್ಲ ಎಂದು ನೀನು ಕೇಳಬಹುದು. ಆದರೆ ನೀನು ಸ್ಪೀಕರ್ ಹಾಕಿರುತ್ತೀಯ, ಹಿಂದೆ ಅಂಕಲ್ ಕೆಮ್ಮುವುದು ಕೇಳಿಸುತ್ತದೆ, ನನಗೆ "ಊಟ ಆಯ್ತು, ಓದ್ತಿದ್ದೀನಿ" ಬಿಟ್ಟು ಬೇರೆ ಮಾತೇ ಹೊರಡುವುದಿಲ್ಲ. ಅದಕ್ಕೇ ಈ ಕಾಗದ. ಐದನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿ, ಇಂಗ್ಲಿಷಿನಲ್ಲೇ ಜಗಳವಾಡಿ ಬೆಳೆದವಳ ಕನ್ನಡ ಇದು. ದಯವಿಟ್ಟು ಟೀಚರ್ ಆಗಿ ಓದಬೇಡ, ಕೆಂಪು ಪೆನ್ ತೆಗೆಯಬೇಡ.

ಅಮ್ಮ, ನಾನು ಗೋಲು ಹೊಡೆದೆ! ನಾನು! ಸ್ಕೂಲಿನ ಓಟದ ಪಂದ್ಯದಲ್ಲಿ ಎಲ್ಲರೂ ಮುಟ್ಟಿ ನೀರು ಕುಡಿದಾದ ಮೇಲೆ ಬಂದು ತಲುಪುತ್ತಿದ್ದ ನಿನ್ನ ಮಗಳು! ಕೊನೆಗೆ ಗೆದ್ದೆವಾ ಸೋತೆವಾ ಈಗಲೇ ಹೇಳುವುದಿಲ್ಲ. ಕಾದಂಬರಿಯ ಕೊನೆಯ ಪುಟ ಮೊದಲು ಓದುವವಳು ನೀನು. ಹೇಳಿಬಿಟ್ಟರೆ ಮಧ್ಯದ್ದನ್ನೆಲ್ಲ ಹಾರಿಸಿಬಿಡುತ್ತೀಯ.

ಇಲ್ಲಿ ಹುಡುಗಿಯರಿಗೆ ಎರಡು ಹಾಸ್ಟೆಲ್: ಹಳೆಯದು, ಹೊಸದು. ಪ್ರತಿ ವರ್ಷ ಎರಡರ ನಡುವೆ ಫುಟ್‌ಬಾಲ್ ಮ್ಯಾಚು. ಗೆದ್ದ ಹಾಸ್ಟೆಲಿನ ಟೀಮೇ ಕಾಲೇಜಿನ ಟೀಮಾಗಿ ಹೊರಗಿನ ಟೂರ್ನಮೆಂಟಿಗೆ ಹೋಗುತ್ತದೆ. ನಮ್ಮ ಕ್ಯಾಪ್ಟನ್ ಕೊನೇ ವರ್ಷದವಳು. ಖುಷಿಯಾದಾಗ ಕೈಗೆ ಸಿಕ್ಕವರನ್ನು ಎತ್ತಿ ತಿರುಗಿಸುವುದರಿಂದ ಅವಳನ್ನು ಎಲ್ಲರೂ ಕ್ರೇನ್ ಎನ್ನುತ್ತಾರೆ. ಮೂರು ವರ್ಷದಿಂದ ಹಳೇ ಹಾಸ್ಟೆಲಿಗೆ ಸೋತು ಸೋತು ಸಾಕಾಗಿದ್ದಾಳೆ. ಈ ಸಲ ಬಿಟ್ಟರೆ ಅವಳಿಗೆ ಇನ್ನೊಂದು ಸಲ ಇಲ್ಲ.

ಮೆಸ್ಸಿನಲ್ಲಿ ಎರಡೂ ಹಾಸ್ಟೆಲ್ ಸೇರಿದಾಗ ಅವಳೇ ಎದ್ದು ನಿಂತಳು. "ಒಂದೇ ಮ್ಯಾಚಲ್ಲಿ ಏನು ಮಜಾ? ದೊಡ್ಡ ಕ್ಲಬ್ಬುಗಳ ಥರ ಎರಡು ಆಡೋಣ. ಒಂದು ನಿಮ್ಮ ಗ್ರೌಂಡಲ್ಲಿ, ಒಂದು ನಮ್ಮ ಗ್ರೌಂಡಲ್ಲಿ. ಎರಡರ ಗೋಲೂ ಕೂಡ್ಸಿ ಸಮ ಬಂದ್ರೆ, ಎದುರಾಳಿ ಗ್ರೌಂಡಲ್ಲಿ ಯಾರು ಜಾಸ್ತಿ ಹೊಡೆದಿದ್ದಾರೋ ಅವರು ಗೆದ್ದ ಹಾಗೆ." ಇದಕ್ಕೆ ಅವೇ-ಗೋಲ್ ರೂಲ್ ಎನ್ನುತ್ತಾರಮ್ಮ. ಹೊರಗೆ ಹೋಗಿ ಆಡುವುದು ಕಷ್ಟ, ಆದ್ದರಿಂದ ಅಲ್ಲಿ ಹೊಡೆದ ಗೋಲಿಗೆ ತೂಕ ಹೆಚ್ಚು. ಎಲ್ಲರೂ ಹೋ ಎಂದು ಕೈ ಎತ್ತಿದರು. ನಾನೂ ಎತ್ತಿದೆ.

ತಟ್ಟೆ ತೊಳೆಯುವಾಗ ನನ್ನ ರೂಂಮೇಟ್ ಮೆಲ್ಲಗೆ ಕೇಳಿದಳು, "ಅಲ್ವೇ, ನಮ್ಮ ಕಾಲೇಜಲ್ಲಿ ಇರೋದೇ ಒಂದು ಗ್ರೌಂಡ್ ಅಲ್ವಾ?"

ಅಮ್ಮ, ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ! ಅರ್ಧಕ್ಕರ್ಧ ಜನ ಎಂಜಿನಿಯರಿಂಗ್ ಬೇರೆ. ಎರಡು ಹಾಸ್ಟೆಲಿನ ನಡುವೆ ಇರುವುದು ಅದೊಂದೇ ಮೈದಾನ. ಈ ಕಿಟಕಿಯಿಂದ ನೋಡಿದರೆ ಆ ಕಿಟಕಿಯಲ್ಲಿ ಒಣಗಿಸಿದ ಸಾಕ್ಸ್ ಕಾಣುತ್ತದೆ. ಆದರೆ ಕೈ ಎತ್ತಿದ ಮೇಲೆ ಇಳಿಸುವವರು ಯಾರು? ಒಂದು ಉಪಾಯ ಮಾಡಿದರು. ಯಾರ ಸರದಿಯೋ ಅವರು ಮನೆಯವರು: ಸುಣ್ಣದ ಗೆರೆ ಎಳೆಯುವುದು, ಬಲೆ ಕಟ್ಟುವುದು, ನೀರು ತುಂಬಿಡುವುದು ಅವರ ಕೆಲಸ. ಇನ್ನೊಬ್ಬರು ಅತಿಥಿಗಳು. ಅವರಿಗೆ ತಟ್ಟೆಯಲ್ಲಿ ತೊಳೆದ ಲೋಟ ಇಟ್ಟು ನೀರು ಕೊಡಬೇಕು. ಮನೆಯವರು ಮಾತ್ರ ಬಕೆಟ್ಟಿಗೆ ಮಗ್ಗು ಅದ್ದಿ ಕುಡಿಯುವುದು.

ಮೊದಲ ಮ್ಯಾಚಿನಲ್ಲಿ ನಾವು ಅತಿಥಿಗಳು. ನಾನು ಬೆಂಚಿನ ಮೇಲೆ ಉಗುರು ಕಚ್ಚುತ್ತ ಕೂತಿದ್ದೆ. ಅವರು ಒಂದು ಗೋಲು ಹೊಡೆದಾಗಿತ್ತು. ನಮ್ಮವಳೊಬ್ಬಳಿಗೆ ಕಾಲು ಉಳುಕಿತು. ಕ್ರೇನ್ ಬೆಂಚಿನ ಕಡೆ ನೋಡಿ, ಬೇರೆ ಗತಿಯಿಲ್ಲದೆ, "ಏಯ್ ಗಾಬರಿ, ಬಾ!" ಎಂದಳು. (ಇಲ್ಲಿ ನನ್ನ ಹೆಸರು ಗಾಬರಿ. ನೀನು ಇಟ್ಟದ್ದಕ್ಕಿಂತ ಬಹಳ ದೂರವೇನಿಲ್ಲ.) ಎಲ್ಲಿ ನಿಲ್ಲಬೇಕು ಕೇಳುವಷ್ಟರಲ್ಲಿ ಚೆಂಡು ಹಾರಿ ಬಂತು, ಹೆದರಿ ಮುಖ ತಿರುಗಿಸಿದೆ, ಭುಜಕ್ಕೆ ಬಡಿದು ಸೀದಾ ಬಲೆಯೊಳಗೆ! ನಾನು ಗೋಲು ಹೊಡೆದೆ ಎನ್ನುವುದಕ್ಕಿಂತ ಗೋಲು ನನಗೆ ಹೊಡೆಯಿತು ಎನ್ನಬಹುದು. ಆದರೂ ಗೋಲೇ! ಕ್ರೇನ್ ನನ್ನನ್ನು ಎತ್ತಿ ಮೂರು ಸುತ್ತು ತಿರುಗಿಸಿದಳು. ಒಂದು-ಒಂದು ಸಮ.

ಎರಡನೇ ಮ್ಯಾಚು ಮೊನ್ನೆ ಸಂಜೆ, ನಾವು ಮನೆಯವರು. ಸುಣ್ಣದ ಗೆರೆ ನಾನೇ ಎಳೆದೆ, ಸ್ವಲ್ಪ ಸೊಟ್ಟ. ಎಷ್ಟು ಗುದ್ದಾಡಿದರೂ ಯಾರದೂ ಗೋಲಿಲ್ಲ. ಸೊನ್ನೆ-ಸೊನ್ನೆ. ಸೀಟಿ ಊದಿದ್ದೇ ತಡ ನಮ್ಮವರು ಕುಣಿಯತೊಡಗಿದರು. ಕೂಡಿಸಿದರೆ ಒಂದು-ಒಂದು, ಆದರೆ ನಮ್ಮದು ಅತಿಥಿಗಳಾಗಿ ಹೊಡೆದ ಗೋಲು, ಅವರದು ಮನೆಯಲ್ಲೇ ಹೊಡೆದದ್ದು. ನಾವು ಗೆದ್ದ ಹಾಗೆ. ನನ್ನ ಭುಜದಿಂದ!

ಆಗ ಅವರ ಗೋಲ್‌ಕೀಪರ್ ಗ್ಲೌಸ್ ಕಿತ್ತು ನೆಲಕ್ಕೆಸೆದಳು. ಅವಳ ಅಡ್ಡಹೆಸರು ಗೋಡೆ. ಅವಳನ್ನು ನೋಡಿದರೆ ಯಾಕೆಂದು ನೀನು ಕೇಳುವುದಿಲ್ಲ.

"ಎಂಥ ಅತಿಥಿಗಳ್ರೀ ಇವ್ರು? ಅದೇ ಹುಲ್ಲು, ಅದೇ ಗುಂಡಿ, ಅದೇ ನಾಯಿ ಅಡ್ಡ ಬರೋದು! ಸುಣ್ಣ ಯಾರು ಹಾಕಿದ್ರು ಅಂತ ನೋಡಿ ಗೋಲಿಗೆ ತೂಕ ಹಾಕ್ತೀರಾ?"

"ರೂಲ್ ಅಂದ್ರೆ ರೂಲು," ಎಂದಳು ಕ್ರೇನ್. "ಕೈ ಎತ್ತುವಾಗ ನಿನ್ನ ಕೈಯೇ ಎಲ್ಲರಿಗಿಂತ ಮೇಲಿತ್ತು."

"ಎತ್ತಿದ್ದೆ. ತಲೆ ಕೆಟ್ಟಿತ್ತು. ಆದ್ರೆ ಇವಳನ್ನ ಕೇಳಿ," ಗೋಡೆ ನನ್ನ ಕಡೆ ಬೆರಳು ತೋರಿಸಿದಳು. "ಆವತ್ತು ನಾನೇ ಲೋಟ ತೊಳೆದು ತಂದಿಟ್ಟಿದ್ದೆ. ಗೋಲು ಹೊಡೆದ ಖುಷೀಲಿ ಈ ಮಹಾರಾಣಿ ನಮ್ಮ ಬಕೆಟ್ಟಿಗೇ ಮಗ್ಗು ಅದ್ದಿ ಗಟಗಟ ಕುಡಿದ್ಳು! ಅತಿಥಿ ಅಂತೆ!"

ಎಲ್ಲರೂ ನಕ್ಕರು. ಸ್ಪೋರ್ಟ್ಸ್ ಮೇಡಂ ಮಾತ್ರ ನಗಲಿಲ್ಲ. ಹತ್ತಿರ ಬಂದು ಕೇಳಿದರು, "ರೂಲಿರೋದು ಹೊರಗೆ ಹೋಗಿ ಆಡೋ ಕಷ್ಟಕ್ಕೆ. ನೀನು ಹೇಳು. ಆವತ್ತು ನಿನಗೆ ಬೇರೆಯವರ ಜಾಗದಲ್ಲಿ ಆಡ್ತಿದ್ದೀನಿ ಅಂತ ಅನ್ನಿಸಿತಾ?"

ಕ್ರೇನ್ ಕಣ್ಣಲ್ಲೇ ಹೇಳುತ್ತಿದ್ದಳು, ಹೂಂ ಅನ್ನೇ, ಹೂಂ ಅನ್ನು. ಒಂದೇ ಅಕ್ಷರದ ಕೆಲಸ. ಮೂರು ವರ್ಷ ಕಾದವಳು ಅವಳು. ಆದರೆ ನನಗೆ ಆ ಮಗ್ಗು ನೆನಪಾಯಿತು. ಯಾರನ್ನೂ ಕೇಳದೆ, ಯಾರು ಏನಂದುಕೊಳ್ಳುತ್ತಾರೋ ಎಂದು ಯೋಚಿಸದೆ ಕೈ ಹಾಕಿದ್ದೆ. ನಾನು, ಮೆಸ್ಸಿನಲ್ಲಿ ಉಪ್ಪು ಕೇಳಲು ಎರಡು ಸಲ ಗಂಟಲು ಸರಿಮಾಡಿಕೊಳ್ಳುವವಳು!

"ಇಲ್ಲ ಮೇಡಂ, ಅನ್ನಿಸಲಿಲ್ಲ," ಎಂದೆ.

ಮೇಡಂ ರೂಲು ತೆಗೆದರು. ಪೆನಾಲ್ಟಿ ಎಂದರು: ಎರಡೂ ಕಡೆಯವರು ಒಬ್ಬೊಬ್ಬರಾಗಿ ಗೋಲ್‌ಕೀಪರ್ ಎದುರು ಐದೈದು ಸಲ ಹೊಡೆಯಬೇಕು. ಹಳೇ ಹಾಸ್ಟೆಲಿನವರ ಕೂಗಿಗೆ ಮರದ ಕಾಗೆಗಳೆಲ್ಲ ಎದ್ದವು. ನಾಲ್ಕು ನಾಲ್ಕು ಹೊಡೆದು ಸಮ ಇದ್ದಾಗ ಕ್ರೇನ್ ಚೆಂಡು ತಂದು ನನ್ನ ಕೈಗಿಟ್ಟಳು. "ನೀನೇ ತಂದ ಗಂಡಾಂತರ. ನೀನೇ ಹೊಡಿ."

ಓಡಿದೆ ಅಮ್ಮ. ಕಣ್ಣು ಬಿಟ್ಟುಕೊಂಡೇ ಹೊಡೆದೆ, ಈ ಸಲ ಕಾಲಿನಿಂದಲೇ. ಗೋಡೆ ಎಡಕ್ಕೆ ಹಾರಿದಳು, ಚೆಂಡು ಬಲಕ್ಕೆ ಹೋಯಿತು, ಇಡೀ ಹೊಸ ಹಾಸ್ಟೆಲ್ ಬಾಯಿ ತೆರೆಯಿತು. ಚೆಂಡು ಕಂಬಕ್ಕೆ ಬಡಿದು ವಾಪಸ್ ಬಂತು. ಆಮೇಲೆ ಅವರ ಹುಡುಗಿ ಬಂದು ಆರಾಮಾಗಿ ಹೊಡೆದು ಹೋದಳು.

ಸೋತೆವು.

ಆಮೇಲೆ ಕ್ರೇನ್ ಬೈದಳು ನೋಡು! "ಸತ್ಯಕ್ಕೇ ಹುಟ್ಟಿದವಳ ಹಾಗೆ ಆಡ್ತೀಯಲ್ಲೇ, ಒಂದು ಹೂಂ ಅನ್ನೋಕೆ ಏನು ಬಾಯಿಗೆ ಬೀಗ ಬಿದ್ದಿತ್ತಾ? ಕಾಲು ನೋಡು, ಅಗರಬತ್ತಿ! ಗೆರೆ ನೋಡು, ಹಾವು ಹರಿದ ಹಾಗೆ!" ಬೈಯುತ್ತ ಬೈಯುತ್ತ ಅತ್ತಳು. ನಾನೂ ಅತ್ತೆ. ಆಮೇಲೆ ಅವಳೇ ಬಕೆಟ್ಟಿಗೆ ಮಗ್ಗು ಅದ್ದಿ, ತಾನು ಅರ್ಧ ಕುಡಿದು ಉಳಿದದ್ದನ್ನು ನನಗೆ ಕೊಟ್ಟಳು. "ನಾಳೆ ಬೆಳಿಗ್ಗೆ ಬಲೆ ಬಿಚ್ಚೋಕೆ ಬರ್ಬೇಕು. ತಪ್ಪಿಸ್ಕೊಂಡ್ರೆ ಕಾಲು ಮುರೀತೀನಿ." ಹೋಗಿದ್ದೆ. ಎಲ್ಲರಿಗಿಂತ ಮೊದಲು ಹೋಗಿದ್ದೆ.

ಸೋತವಳು ಇಷ್ಟು ಖುಷಿಯಾಗಿ ಯಾಕೆ ಬರೆಯುತ್ತಿದ್ದಾಳೆ ಅನ್ನಿಸುತ್ತಿದೆಯಾ? ನನಗೂ ಅದೇ ಆಶ್ಚರ್ಯ. ದೊಡ್ಡ ದೊಡ್ಡ ಟೂರ್ನಮೆಂಟುಗಳಲ್ಲಿ ಈ ರೂಲನ್ನು ಈಗ ತೆಗೆದಿದ್ದಾರಂತೆ; ಹೊರಗೆ ಹೋಗಿ ಆಡುವುದು ಮೊದಲಿನಷ್ಟು ಕಷ್ಟವಲ್ಲ ಎನ್ನುತ್ತಾರಂತೆ. ನಮ್ಮ ಮೈದಾನಕ್ಕೆ ಆ ರೂಲು ಅನ್ಯಾಯವೇ, ಒಪ್ಪುತ್ತೇನೆ. ಆದರೆ ಪೂರ್ತಿ ತೆಗೆದದ್ದು ಸರಿಯಾ ಗೊತ್ತಿಲ್ಲ. ನಿಜವಾಗಿ ಅತಿಥಿಯಾಗಿ ಇರುವುದು ಕಷ್ಟದ ಕೆಲಸ ಅಮ್ಮ. ಯಾವ ಸ್ವಿಚ್ ಯಾವ ದೀಪದ್ದೋ, ಬಾಗಿಲು ಎಷ್ಟು ಮೆಲ್ಲಗೆ ಹಾಕಬೇಕೋ. ಅಲ್ಲಿ ಇದ್ದುಕೊಂಡೂ ಒಂದು ಗೋಲು ಹೊಡೆದವರಿಗೆ ಯಾರಾದರೂ ಸ್ವಲ್ಪ ಹೆಚ್ಚಿಗೆ ಲೆಕ್ಕ ಹಿಡಿಯಬೇಕು.

ಪರೀಕ್ಷೆ ಹತ್ತಿರ ಬಂತು, ಭಯವಾಗುತ್ತಿದೆ, ಆದರೆ ಮಾಮೂಲಿ ಭಯ. ಅಂಕಲ್‌ಗೆ ನಮಸ್ಕಾರ ಹೇಳು. ಅಲ್ಲಿಂದಲೇ ನನ್ನ ತಲೆ ಮೇಲೆ ಕೈಯಿಟ್ಟುಬಿಡು, ಕಾಲಿನ ಮೇಲೂ ಒಂದು.

ನಿನ್ನ
ಗಡಿಬಿಡಿ

ಮರೆತದ್ದು: ನೀನೂ ಅಂಕಲ್ಲೂ ಮದುವೆಯಾದ ಮೇಲೆ ರಜೆಗೆ ನಿಮ್ಮ ಹೊಸ ಮನೆಗೆ ಬಂದಾಗ ನೀನು ನನಗೆ ಮಡಿಕೆ ಬಿಚ್ಚದ ಟವೆಲ್ ಕೊಟ್ಟೆ. ಅದು ಅತಿಥಿಗಳ ಕಪಾಟಿನದು ಎಂದು ನನಗೆ ಗೊತ್ತಾಯಿತು, ಪರವಾಗಿಲ್ಲ. ಆಮೇಲೆ ನಾನು ಗಾಜಿನ ಜಗ್ ಒಡೆದೆ. ನೀನು ಅಡುಗೆಮನೆಯಿಂದ ಓಡಿ ಬಂದೆ. ಈಗ ಬೈಯುತ್ತಾಳೆ ಎಂದು ಕಣ್ಣು ಅರ್ಧ ಮುಚ್ಚಿಕೊಂಡು ನಿಂತೆ. ನೀನು ಅಂಕಲ್ ಮುಖ ನೋಡಿ, ನನ್ನ ಮುಖ ನೋಡಿ, ನಕ್ಕು, "ಪರವಾಗಿಲ್ಲ ಬಿಡು" ಎಂದೆ. ಹದಿನೆಂಟು ವರ್ಷದಲ್ಲಿ ನೀನು ನನಗೆ ಬೈಯದೆ ಹಾಗೆ ಅಂದದ್ದು ಅದೇ ಮೊದಲು. ಮಾರನೇ ದಿನವೇ ಹೊರಟುಬಿಟ್ಟೆನಲ್ಲ, ಕ್ಲಾಸಿದೆ ಅಂತ, ಕ್ಲಾಸಿರಲಿಲ್ಲ.

ಮೇಲೆ ಕೆಂಪು ಪೆನ್ ತೆಗೆಯಬೇಡ ಅಂದಿದ್ದೆ. ತೆಗೆ ಅಮ್ಮ.