ತಲೆಗೆ ನೀರು ಹಾಕಿದ ಸುದ್ದಿ

ಹಿರಿಯೂರು
೩ ಡಿಸೆಂಬರ್ ೨೦೦೯

ತಮ್ಮ ನಿರಂಜನನಿಗೆ,

ಅಕ್ಕನ ಆಶೀರ್ವಾದ. ನಿನ್ನ ಕಾಗದಕ್ಕೆ ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಹೊಳಲ್ಕೆರೆಗೆ ಹೋಗಿದ್ದೆ, ಅದರ ವಿಷಯ ಆಮೇಲೆ. ಅವ್ವ ಆರಾಮಾಗಿದ್ದಾಳೆ. ಡಾಕ್ಟರರ ಜರ್ನಲ್‌ನಲ್ಲಿ ನಿನ್ನ ಲೇಖನ ಅಚ್ಚಾದ ಪುಟವನ್ನು ಬಂದವರಿಗೆಲ್ಲ ತೋರಿಸುತ್ತಾಳೆ. ನನಗೆ ಅದನ್ನು ಕಂಡರೇ ಮೈ ಉರಿಯುತ್ತದೆ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ಧರ್ಮಪುರದಲ್ಲಿ ನಮ್ಮ ಊರಮನೆಯ ಪಕ್ಕದ ಓಬಕ್ಕನ ಸೊಸೆ ದುರ್ಗಾ, ಬಸುರಿ, ಹಂದಿಜ್ವರದಲ್ಲಿ ಮಲಗಿದ್ದಳಲ್ಲ. ಮಾತ್ರೆ ತಂದುಕೊಟ್ಟು, ಆಸ್ಪತ್ರೆಗೆ ಸೇರಿಸಿ ಎಂದು ಬಾಯಿ ಬಡಿದುಕೊಂಡವಳು ನಾನು. ನೀನು ಮಾಡಿದ್ದು ಒಂದು ಫೋನು. ಓಬಕ್ಕ "ತಲೆಗೆ ನೀರು ಹಾಕಿದ್ವಿ ಕಣಪ್ಪ" ಅಂದಳು, ನೀನು "ಮನೆಯಲ್ಲೇ ಸಂಪೂರ್ಣ ಗುಣಮುಖ" ಎಂದು ಲೇಖನದಲ್ಲಿ ಬರೆದುಬಿಟ್ಟೆ! ನಮ್ಮ ಕಡೆ ಜ್ವರ ಇಳಿದರೆ ಸಾಕು, ತಲೆಗೆ ನೀರು ಹಾಕುತ್ತಾರೆ. ಹಾಕಿದರೆ ವಾಸಿಯಾಯಿತೆಂದು ಊರು ನಂಬುತ್ತದೆ. ಊರು ನಂಬಲಿ. ಎಂ.ಡಿ. ಓದಿದ ನಿನಗೇನಾಗಿತ್ತೋ ಧಾಡಿ?

ಅದೇ ವಾರ ಜ್ವರ ಮರುಕಳಿಸಿ, ಉಸಿರು ಕಟ್ಟಿ, ದುರ್ಗಾ ಹಿರಿಯೂರಿನ ಆಸ್ಪತ್ರೆಯ ದಾರಿಯಲ್ಲೇ ತೀರಿಹೋದಳು. ಅವತ್ತೇ ನಿನಗೆ ತಿಳಿಸಿದೆ. ನೀನೇನಂದೆ?

"ಪೇಪರ್ ಒಪ್ಕಂಡಾಗೈತೆ ಅಕ್ಕ. ಮೊದಲು ವರ್ಷಗಟ್ಲೆ ನೋಡ್ತಿದ್ದ ಜರ್ನಲ್‌ನೋರು ಈಗ ವಾರದಾಗೆ ಹಾಕ್ತಾವ್ರೆ. ತಡ ಮಾಡಿದ್ರೆ ಬೇರೆಯೋರು ಮುಂದಾಗ್ತಾರೆ. ತಿದ್ದುಪಡಿ ಆಮೇಲೆ ಕಳಿಸ್ತೀನಿ ಬಿಡು."

ಆ 'ಆಮೇಲೆ' ಇನ್ನೂ ಬಂದಿಲ್ಲ. ಜಗತ್ತಿಗೆಲ್ಲ ರೋಗ ಹಬ್ಬಿದೆ, ವೈದ್ಯರು ದಾರಿ ಕಾಣದೆ ಸಿಕ್ಕಿದ್ದನ್ನೆಲ್ಲ ಓದಿ ಮದ್ದು ಬರೆಯುತ್ತಿದ್ದಾರೆ. ನಿನ್ನಂಥವರಿಗೆ ಅದು ಓಟದ ಪಂದ್ಯ. ಸುಳ್ಳು ಅಚ್ಚಾಗಲು ವಾರ ಸಾಕು, ಸತ್ತವಳು ಸತ್ತಳು ಎನ್ನಲು ಮಾತ್ರ ನಿಮಗೆ ಪುರಸೊತ್ತಿಲ್ಲ. ಥೂ! ನಿನ್ನಿಂದ ಪಾಠ ಹೇಳಿಸಿಕೊಳ್ಳುವ ಹುಡುಗರನ್ನು ನೆನೆದರೆ ಅಯ್ಯೋ ಅನಿಸುತ್ತದೆ.

ಈ ಕಾಗದ ಕೈಸೇರಿದ ದಿನವೇ ಜರ್ನಲ್‌ನವರಿಗೆ ನಿಜ ಬರೆ. ನೀನು ಬರೆಯದಿದ್ದರೆ ನಾನು ಬರೆಯುತ್ತೇನೆ, ಒಡಹುಟ್ಟಿದವನು ಅಂತ ನೋಡುವುದಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಆಯುಸ್ಸಿನ ಜೊತೆ ದೇವರು ನಿನಗಿಷ್ಟು ಬುದ್ಧಿಯನ್ನೂ ಕೊಡಲಿ.

ನಿನ್ನ ಅಕ್ಕ,
ಚೌಡೇಶ್ವರಿ

ತಾ.ಕ.: ಹೊಳಲ್ಕೆರೆಯ ವಿಷಯ. ನಮ್ಮ ತಂಗಿ ಸ್ವಾತಿಗೆ ಏಳು ತಿಂಗಳಾಗಿತ್ತಲ್ಲ, ಅವಳಿಗೂ ಅದೇ ಜ್ವರ ಬಂತು. ಗಂಡ ಮಾರುತೇಶ ತಾನೇ ಡಾಕ್ಟರಾಗಿದ್ದೂ ಆಸ್ಪತ್ರೆಗೆ ಸೇರಿಸಲಿಲ್ಲ. "ಬಸುರಿಗೂ ಮನೇಲೇ ವಾಸಿ ಆಗ್ತೈತೆ ಅಂತ ನಮ್ ಭಾವನೇ ಬರೆದವ್ರಲ್ಲ ಅಕ್ಕಾ" ಎಂದು ನಿನ್ನ ಲೇಖನ ಹಿಡಿದು ನಿಂತಿದ್ದ. ಅದರಲ್ಲಿರುವವಳು ದುರ್ಗಾ ಎಂದು ಅವನಿಗೇನು ಗೊತ್ತು, ಹೆಸರೇ ಇಲ್ಲವಲ್ಲ. ನಾನು ಹೋಗಿ ಅವಳನ್ನು ದಾವಣಗೆರೆಯ ಆಸ್ಪತ್ರೆಗೆ ಸಾಗಿಸಿದೆ. ಸ್ವಾತಿ ಉಳಿದಳು, ಮಗು ಉಳಿಯಲಿಲ್ಲ. ಹೆಣ್ಣುಮಗು.

ಸ್ವಾತಿ ನನ್ನ ಕೈ ಹಿಡಿದು, "ಅಣ್ಣಂಗೆ ಹೇಳಬ್ಯಾಡಕ್ಕ, ನೊಂದ್ಕಂತಾನೆ" ಅಂದಳು. ನೊಂದುಕೊಳ್ಳಲಿ ಎಂದೇ ಬರೆದಿದ್ದೇನೆ.