ಎಂಜಿನ್ ಓಡುತ್ತದೆ, ಕರೆಂಟ್ ಇಲ್ಲ

ಅಕ್ಟೋಬರ್ 3, ಶುಕ್ರವಾರ. ಬೆಳಿಗ್ಗೆ 8.10

ರಜೆ ಮುಗಿಸಿ ಬಂದು ಹಾಲಿನ ಡೈರಿಯಲ್ಲಿ ಸ್ಯಾಂಪಲ್ ಬಾಟಲಿ ಜೋಡಿಸುತ್ತಿದ್ದೆ. ಆರೂ ಐವತ್ತಕ್ಕೆ ಕರೆಂಟ್ ಹೋಯಿತು. ಹೋಗಲಿ, ಜನರೇಟರ್ ಇರುವುದೇ ಅದಕ್ಕೆ. ಒಂದೇ ಸೆಲ್ಫ್‌ಗೆ ಸ್ಟಾರ್ಟ್. ಸದ್ದು ಎಂದಿನಂತೆ. ಮೀಟರ್ ನೋಡಿದರೆ... ಹನ್ನೊಂದು ವೋಲ್ಟ್. ನಾನೂರ ಹದಿನೈದು ಇರಬೇಕಾದ ಕಡೆ ಹನ್ನೊಂದು!

ಬ್ರೇಕರ್ ಸರಿ. ಫ್ಯೂಸ್ ಸರಿ. ಮೀಟರೇ ಸುಳ್ಳು ಹೇಳುತ್ತಿದೆಯೇನೋ ಎಂದು ನನ್ನ ಮಲ್ಟಿಮೀಟರ್ ಇಟ್ಟೆ. ಅದೂ ಅದನ್ನೇ ಹೇಳಿತು.

ಕೂಲರಿನಲ್ಲಿ ಒಂಬೈನೂರು ಲೀಟರ್ ಹಾಲು. ನಾಲ್ಕು ಡಿಗ್ರಿಗೆ ಇಳಿಯಬೇಕು. ಈಗ ಹದಿನೆಂಟು, ಏರುತ್ತಿದೆ. ಕೂರಲೂ ಆಗುತ್ತಿಲ್ಲ, ನಿಲ್ಲಲೂ ಆಗುತ್ತಿಲ್ಲ.

ಮಧ್ಯಾಹ್ನ 2.30

ಆಲ್ಟರ್ನೇಟರ್ ಮೇಲಿನ ಡಬ್ಬ ಬಿಚ್ಚಿದೆ. ವೋಲ್ಟೇಜ್ ಹಿಡಿದು ನಿಲ್ಲಿಸುವ ಎವಿಆರ್ ಕಾರ್ಡ್ ಇರುವುದು ಅದರೊಳಗೆ. ಮುಚ್ಚಳಕ್ಕೆ ಸ್ಕ್ರೂಗಳೇ ಇಲ್ಲ, ಯಾರೋ ಬೈಂಡಿಂಗ್ ವೈರ್ ಸುತ್ತಿದ್ದಾರೆ. ಒಳಗೆ ನೀರಿನ ಪಸೆ. ಕಾರ್ಡ್ ಸುಟ್ಟ ವಾಸನೆ.

ಗೊತ್ತಾಯಿತು. ಮೊನ್ನೆ ಆಯುಧಪೂಜೆ. ಹಾಲಿನ ಕ್ಯಾನು, ಡೈರಿ ಅಧ್ಯಕ್ಷರ ಟ್ರ್ಯಾಕ್ಟರು, ಅದರ ಜೊತೆ ಇದಕ್ಕೂ ಪ್ರೆಷರ್ ಪೈಪಿನಲ್ಲಿ ಸ್ನಾನ. ವಿಭೂತಿ, ಚೆಂಡುಹೂವಿನ ಹಾರ. ಆಮೇಲೆ ಸ್ಟಾರ್ಟ್ ಮಾಡಿ ಸದ್ದು ಕೇಳಿ ಆಫ್ ಮಾಡಿದ್ದಾರೆ, ಮೀಟರ್ ನೋಡಿದವರು ಯಾರೂ ಇಲ್ಲ. ಬಟ್ಟೆಯಲ್ಲಿ ಒರೆಸಿದರೆ ಸಾಕು ಎಂದು ಪ್ರತಿ ವರ್ಷ ಬಡಿದುಕೊಳ್ಳುತ್ತೇನೆ. ಈ ವರ್ಷ ಅದನ್ನು ಹೇಳಲೂ ಊರಲ್ಲಿರಲಿಲ್ಲ. ವಿಜಯದಶಮಿಗೆ ಹಾಸನದ ಬುದ್ಧ ವಿಹಾರದಲ್ಲಿ ಕಾರ್ಯಕ್ರಮ, ತಯಾರಿಗೆಂದು ಸೋಮವಾರ ಸಂಜೆಯೇ ಬಸ್ ಹತ್ತಿದ್ದೆ.

ಟ್ಯಾಂಕರಿನವನು ಮೂಸಿ ನೋಡಿ ಬೇಡ ಅಂದ. ಅಷ್ಟೂ ಹಾಲು ಮೋರಿಗೆ. ದಿನಾ ಹಾಲು ಹಾಕುವ ದೊಡ್ಡತಾಯಮ್ಮ ಖಾಲಿ ಕ್ಯಾನು ಹಿಡಿದು ನಿಂತೇ ಇದ್ದಳು.

"ಕೋಳಿ ಕೂಗೋಕ್ ಮುಂಚೆ ಎದ್ದು ಕರ್ದಿದ್ದು ಕಣಪ್ಪ. ಇಂಗಾ ಚೆಲ್ಲೋದು?"

ಮೈಯೆಲ್ಲ ಸಿಟ್ಟು. ನಾಳೆ ಮೀಟಿಂಗ್ ಇದೆ. ಬಿಡುವುದಿಲ್ಲ.

ಅಕ್ಟೋಬರ್ 4, ಶನಿವಾರ. ಸಂಜೆ

ಬೆಳಿಗ್ಗೆ ಹಾಸನಕ್ಕೆ ಹೋಗಿ ಹೊಸ ಕಾರ್ಡ್ ತಂದೆ. ಅಂಗಡಿಯ ಸಿದ್ದೇಶ್ವರ ಹಳೇ ಕೈ. "ತಕ್ಷಣ ಆಕ್ಬ್ಯಾಡಿ ಸಾ. ವೈಂಡಿಂಗ್ ಒಣಗ್ಲಿ ಮೊದ್ಲು. ಇಲ್ದಿದ್ರೆ ಇದೂ ಓಯ್ತದೆ" ಎಂದ. ಒಳಗೆ ಎರಡು ದೊಡ್ಡ ಬಲ್ಬು ಇಟ್ಟು, ಗೋಣಿಚೀಲ ಹೊದಿಸಿದ್ದೇನೆ. ಬಾಣಂತಿ ಆರೈಕೆ.

ಮಧ್ಯಾಹ್ನದ ಮೀಟಿಂಗಿನಲ್ಲಿ ಎದ್ದು ನಿಂತು ಹೇಳಿದೆ: ಪ್ರೆಷರ್ ಪೈಪಿನಲ್ಲಿ ತೊಳೆದದ್ದರಿಂದ ಕೆಟ್ಟಿದೆ, ಸ್ಕ್ರೂ ಕೂಡ ಕಳೆದಿದ್ದಾರೆ. ಹೇಳುವಾಗ ಕಣ್ಣಿಟ್ಟಿದ್ದು ಅಧ್ಯಕ್ಷ ದೇವರಾಜು ಮೇಲೆ. ತೊಳೆಯಿರಿ ಎಂದವರು ಅವರೇ, ಪೈಪೂ ಅವರ ಮನೆಯದೇ. ಒಂದು ಸಲವಾದರೂ ತಲೆ ತಗ್ಗಿಸಲಿ ಅಂತಿತ್ತು.

ದೇವರಾಜು ತಲೆ ತಗ್ಗಿಸಲಿಲ್ಲ. ಸುತ್ತ ನೋಡಿದರು.

"ಪೈಪ್ ಇಡ್ಕೊಂಡಿದ್ದು ಯಾರ್ಲಾ?"

ಎಲ್ಲರೂ ಬಾಗಿಲ ಕಡೆ ತಿರುಗಿದರು. ಮಂಚಯ್ಯ ನಿಂತಿದ್ದ. ನಮ್ಮ ಬೀದಿಯವನೇ, ಇಪ್ಪತ್ತೆರಡು ವರ್ಷದಿಂದ ಇಲ್ಲಿ ಕ್ಯಾನು ತೊಳೆಯುತ್ತಾನೆ.

"ನಾನೇ ಸಾ."

"ನಾಳಿಂದ ನೀ ಬರ್ಬ್ಯಾಡ."

ಆಯಿತು ಎಂದು ಟವಲು ಕೊಡವಿ ಹೊರಟುಹೋದ. ನಿಂತಿದ್ದ ನಾನು ಕೂತೆ. ಅಂದಿದ್ದು ಯಾರಿಗೆ, ಬಿದ್ದಿದ್ದು ಯಾರಿಗೆ.

ಅಕ್ಟೋಬರ್ 7, ಮಂಗಳವಾರ. ಬೆಳಿಗ್ಗೆ 11

ಕಾರ್ಡ್ ಹಾಕಿದೆ. ನಾನೂರ ಹನ್ನೆರಡು ವೋಲ್ಟ್. ಕೂಲರ್ ಹಾಕಿದರೂ ಅಲ್ಲಾಡಲಿಲ್ಲ. ದೇವರಾಜು ಬೆನ್ನು ತಟ್ಟಿ "ಕೀರ್ತಿರಾಜ ಅಂದ್ರೆ ಕೀರ್ತಿರಾಜ್ನೇ ಕಣ" ಎಂದರು. ಆ ಕೈ ಬೆನ್ನ ಮೇಲೆ ಇನ್ನೂ ಇದ್ದ ಹಾಗಿದೆ. ಕ್ಯಾನುಗಳು ಸರಿಯಾಗಿ ತೊಳೆದಿಲ್ಲ. ಹುಳಿ ವಾಸನೆ.

ಸಂಜೆ 5.00

ಹೆಂಡತಿ ಶಾಂತಿ ಬಟ್ಟೆ ಒಗೆಯುತ್ತಿದ್ದವಳು ಅಂಗೈ ಮುಂದೆ ಹಿಡಿದಳು. "ಇವೇನ್ರೀ? ವಿಹಾರಕ್ ಓಗಿದ್ ಪ್ಯಾಂಟ್ ಜೇಬಲ್ಲಿದ್ವು."

ನಾಲ್ಕು ಸ್ಕ್ರೂ.

ಹಬ್ಬದ ಮುಂಚಿನ ಸೋಮವಾರ. ಮೀಟರ್ ಮುಳ್ಳು ನಡುಗುತ್ತಿತ್ತೆಂದು ಡಬ್ಬ ಬಿಚ್ಚಿ ಒಂದು ವೈರ್ ಬಿಗಿ ಮಾಡಿದೆ. ಅಷ್ಟರಲ್ಲಿ ವಿಹಾರದಿಂದ ಫೋನು, ಐದೂವರೆ ಬಸ್ಸು... ಓಡಿದೆ. ಮುಚ್ಚಳ ಹಾಕಿದೆನೇ? ಹಾಕಿಲ್ಲ. ಹಾಕಿಲ್ಲ. ಪ್ರತಿ ವರ್ಷ ಅದೇ ಪೈಪು, ಅದೇ ನೀರು, ಏನೂ ಆಗಿರಲಿಲ್ಲ. ಈ ವರ್ಷ ಡಬ್ಬದ ಬಾಯಿ ತೆರೆದು ಬಿಟ್ಟು ಹೋದವನು ನಾನು.

"ಯಾಕೆ ಬೆವರ್ತಿದ್ದೀರಿ?" ಎಂದಳು. ಸೆಕೆ ಅಂದೆ.

ಅಕ್ಟೋಬರ್ 8, ಬುಧವಾರ. ಮಧ್ಯಾಹ್ನ

ಒಪ್ಪಿಕೊಂಡರೆ ಕೆಲಸ ಹೋಗುತ್ತದೆ. ಐಟಿಐ ಮುಗಿಸಿ ಆರು ವರ್ಷ ಅಲೆದು ಸಿಕ್ಕಿದ್ದು. ನಮ್ಮ ಬೀದಿಯಿಂದ ಡೈರಿಯೊಳಗೆ ಕುರ್ಚಿ ಹಾಕಿಕೊಂಡು ಕೂತ ಮೊದಲನೆಯವನು ನಾನು. ಜನ ಏನಂತಾರೆ, ಅದೂ ಗೊತ್ತು: ಇವರಿಗೆ ಮಿಷನ್ ಕೊಟ್ಟರೆ ಹೀಗೇ.

ಮಂಚಯ್ಯನ ಮನೆಗೆ ಹೋದೆ. ಜಗಲಿಯ ಮೇಲೆ ಬುಟ್ಟಿ ಹೆಣೆಯುತ್ತಿದ್ದ. ಸ್ಕ್ರೂ ತೋರಿಸಿದೆ. ಆಶ್ಚರ್ಯಪಡಲಿಲ್ಲ.

"ಮುಚ್ಚಳ ಪಕ್ಕದಲ್ ಬಿದ್ದಿದ್ದು ನೀರ್ ಒಡೆದ್ಮ್ಯಾಲೆ ಕಂಡೆ. ಒರಸ್ಬುಟ್ಟು ತಂತಿ ಸುತ್ತಿದ್ದು ನಾನೇ ಕಣಪ್ಪ."

"ಗೊತ್ತಿದ್ದೂ ಮೀಟಿಂಗಲ್ಲಿ ಯಾಕೆ ಸುಮ್ಕಿದ್ದೆ?"

"ಯೋಳಿದ್ರೆ ಏನಾಯ್ತಿತ್ತು? ನಾನೂ ಓಯ್ತಿದ್ದೆ, ನೀನೂ ಓಯ್ತಿದ್ದೆ. ನಮ್ ಬೀದಿಯವ್ನು ಒಬ್ಬ ಆ ಕುರ್ಚೀಲ್ ಕೂತವ್ನೆ. ಕೂತ್ಕೊ ಸುಮ್ಕೆ."

ನನಗೆ ಅವನ ಮೇಲೇ ರೇಗಿತು. ನನ್ನನ್ನು ಕಾಪಾಡು ಎಂದು ಇವನನ್ನು ಕೇಳಿದವರು ಯಾರು? "ನಾಳೆ ಯೋಳ್ತೀನಿ" ಎಂದು ಕೂಗಿದೆ. "ಬಾಯ್ ಮುಚ್ಲಾ" ಎಂದು ಅವನೂ ಕೂಗಿದ. ಬರುವಾಗ ಬೀದಿಯಲ್ಲೇ ಅತ್ತುಬಿಟ್ಟೆ. ಯಾರು ನೋಡಿದರೋ ಗೊತ್ತಿಲ್ಲ.

ಅಕ್ಟೋಬರ್ 9, ಗುರುವಾರ. ಬೆಳಿಗ್ಗೆ 6.20

ಡೈರಿಯಲ್ಲಿ ಕೂತಿದ್ದೇನೆ. ಹೇಳಬೇಕಾದ್ದು ತಪ್ಪಿಹೋಗದಿರಲಿ ಎಂದು ಬರೆಯುತ್ತಿದ್ದೇನೆ. ಹೆಂಗಸರು ಸಾಲಾಗಿ ನಿಂತಿದ್ದಾರೆ. ಎಲ್ಲರೂ ಇರಲಿ, ಎಲ್ಲರ ಮುಂದೆ ಹೇಳಿದ್ದನ್ನು ಎಲ್ಲರ ಮುಂದೆಯೇ ಹಿಂದಕ್ಕೆ ತೆಗೆದುಕೊಳ್ಳಬೇಕು. ಶಾಂತಿಗೆ ರಾತ್ರಿಯೇ ಹೇಳಿದೆ. "ಓಗಿ, ಯೋಳ್ಬುಟ್ಟು ಬನ್ನಿ" ಎಂದಳು.

ಮಂಚಯ್ಯ ಗೇಟಿನ ಆಚೆ ಬಂದು ನಿಂತ. ಬೇಡ ಬೇಡ ಎಂದು ಕೈಯಾಡಿಸುತ್ತಿದ್ದಾನೆ. ನೋಡದವನಂತೆ ಬರೆಯುತ್ತಿದ್ದೇನೆ.

ಅಧ್ಯಕ್ಷರು ಬಂದರು. "ಏನ್ಲಾ, ವತ್ತಾರೇನೇ ಬರಿಯಾಕ್ ಕೂತಿದ್ದೀಯ?" ಎಂದು ನಗುತ್ತಿದ್ದಾರೆ. ಏಳುತ್ತೇನೆ. ಮೊದಲ ಮಾತು ಮಾತ್ರ ತಪ್ಪಬಾರದು: ಅವತ್ತು ತಪ್ಪು ಮಾಡಿದ್ದು ಮಂಚಯ್ಯ ಅಲ್ಲ, ನಾನು.